ಗಾಲೆಯಲ್ಲಿ ಮುಳುಗಿದ ಹಡಗುಗಳು, ಮುಳುಗದ ಮೇಷ್ಟ್ರು

ಸಿಲೋನಿಗೆ ಹೋಗಿಬಂದವರನ್ನು ನಮ್ಮ ಸಿರಾದಲ್ಲಿ ಕೇಳುವುದು ಎರಡೇ ಪ್ರಶ್ನೆ. ಸೀತಮ್ಮನವರಿದ್ದ ಅಶೋಕವನ ನೋಡಿದಿರಾ, ಹಿಂದಿ ಹಾಡು ಹಾಕುವ ರೇಡಿಯೋ ಸ್ಟೇಷನ್ ನೋಡಿದಿರಾ. ಎರಡನ್ನೂ ನೋಡಲಿಲ್ಲ ಎಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ನಾವು ನೋಡಿದ್ದು ಗಾಲೆ ಎಂಬ ಒಂದು ಊರು. ಅಲ್ಲಿ ನೋಡಲು ಹೋಗಿದ್ದು ಒಡೆದು ಮುಳುಗಿದ ಹಡಗುಗಳ ಚೂರುಗಳನ್ನು.

ಆ ಪ್ರವಾಸದ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗೆಲ್ಲ ಕೈ ಒಂದೇ ಒಂದು ಬೆಳಗಿನ ಕಡೆಗೆ ಓಡುತ್ತದೆ. ಬೀದಿಯ ಬಾವಿಯಲ್ಲಿ ಯಾರಾದರೂ ಇಳಿಬಿಟ್ಟ ಕೊಡ ಕಲ್ಲಿಗೆ ಬಡಿದರೆ ಸಾಕು, ಒಲೆಯ ಮುಂದಿದ್ದವಳು ಎದ್ದು ನಿಲ್ಲುತ್ತೇನೆ. ಹಜಾರದಲ್ಲಿ ಮನೆಯವರು ಪರೀಕ್ಷೆಯ ಪತ್ರಿಕೆ ತಿದ್ದುತ್ತ ಕೂತಿರುವುದು ಕಂಡ ಮೇಲೆ ಮತ್ತೆ ಕೂರುತ್ತೇನೆ. ಆ ಬೆಳಗಿಗೆ ಹೋಗುವ ಮುಂಚೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಉಳಿದದ್ದೂ ಚೆನ್ನಾಗಿಯೇ ಇತ್ತು.

ನನ್ನ ಮನೆಯವರು ಸಿರಾದ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುತ್ತಾರೆ. ಹೆಸರು ಶಿವರುದ್ರಯ್ಯ. ಊರಿಗೆಲ್ಲ ಮೇಷ್ಟ್ರು. ಸಿಟ್ಟು ಬಂದಾಗ ನನಗೂ ಮೇಷ್ಟ್ರೇ. ನಾನು ತುಮಕೂರಿನಲ್ಲಿ ಕಾಲೇಜು ಮುಗಿಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅವರ ಊರು ಗೌಡಗೆರೆ, ನನ್ನದು ಕಳ್ಳಂಬೆಳ್ಳ. ಇಬ್ಬರೂ ಮದುವೆಯಾದ ಮೇಲೂ ಸಮುದ್ರ ನೋಡಿರಲಿಲ್ಲ. ಆದರೂ ಅವರಿಗೆ ಹಡಗಿನ ಹುಚ್ಚು. ಯಾವ ಕಾಲದವರು ಹಲಗೆಗೆ ಹಲಗೆಯನ್ನು ಹೇಗೆ ಕೂಡಿಸಿದರು ಎಂದು ಕಪ್ಪು ಹಲಗೆಯ ಮೇಲೆ ಬರೆದು ಬರೆದು ಮಕ್ಕಳ ತಲೆ ತಿನ್ನುತ್ತಿದ್ದರು. ಪೇಟೆಯಲ್ಲಿ ಸೋಪು, ಎಣ್ಣೆ ಮಾರುವ ಖಾಜಾ ಸಾಬರು ಅವರನ್ನು ಸುಮ್ಮನೆ ಹೋಗಗೊಟ್ಟವರಲ್ಲ.

"ಅರೇ ಮೇಷ್ಟರ್ ಸಾಬ್, ಕೆರೇಲಿ ಎಮ್ಮೆ ಮೈ ತೊಳ್ಯೋಕೆ ನೀರಿಲ್ಲ. ನಿಮ್ಮ ಜಹಾಜು ಎಲ್ಲಿ ಬುಡ್ತೀರಿ? ಮರಳಲ್ಲಾ?"

ಮೇಷ್ಟ್ರ ಹಾಸ್ಟೆಲಿನ ಗೆಳೆಯ ಓಬಳಪ್ಪ ಪಾವಗಡದವನು. ತೆಂಗಿನ ನಾರಿನ ಹಗ್ಗ ಕಳಿಸುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿ ಗಾಲೆಗೆ ಹೋದ. ರಜಕ್ಕೆ ಬಂದವನು ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ಅಲ್ಲಿಯ ಬೆಸ್ತರ ಬಲೆಗೆ ಮೀನಿನ ಜೊತೆ ಹಳೇ ಹಡಗಿನ ಹಲಗೆಗಳು ಬರುತ್ತವೆಂದೂ, ಊರಾಚೆ ಬಂಡೆಗಳ ಮೇಲೆ ಒಂದು ಕಬ್ಬಿಣದ ಹಡಗೇ ಸಿಕ್ಕಿಕೊಂಡಿದೆಯೆಂದೂ ಹೇಳಿದ. ಮೇಷ್ಟ್ರು ಅವತ್ತು ಮಜ್ಜಿಗೆಯನ್ನ ಉಣ್ಣುವುದನ್ನೇ ಮರೆತರು. ಬೇಸಿಗೆ ರಜೆ ಬರುವ ಹೊತ್ತಿಗೆ ನಮ್ಮ ಟ್ರಂಕು ತಯಾರಾಗಿತ್ತು.

ಮಂಡಪಂ

ಸಿಲೋನಿಗೆ ಹೋಗುವವರನ್ನೆಲ್ಲ ಮಂಡಪಂ ಎಂಬ ಊರಿನಲ್ಲಿ ಇಳಿಸಿ ಡಾಕ್ಟರು ನೋಡುತ್ತಾರೆ. ನಮ್ಮಲ್ಲಿ ರೋಗ ಸಿಗಲಿಲ್ಲ, ರಾಗಿಹಿಟ್ಟು ಸಿಕ್ಕಿತು. ಓಬಳಪ್ಪ ಮುದ್ದೆ ಕಾಣದೆ ಒಣಗಿಹೋಗಿದ್ದೇನೆಂದು ಬರೆದಿದ್ದ. ಅದಕ್ಕೆ ಒಂದು ಚೀಲ ಹಿಟ್ಟು, ಒಂದು ಡಬ್ಬಿ ಕಡಲೆಕಾಯಿ ಚಟ್ನಿಪುಡಿ ಕಟ್ಟಿಕೊಂಡಿದ್ದೆ. ಚೀಲ ಬಿಚ್ಚಿದ ಅಧಿಕಾರಿ ಮೂಗಿನ ಹತ್ತಿರ ತಂದು, ಇದೇನು ಮಣ್ಣು ಎಂದರು. ಮೇಷ್ಟ್ರು ಇಂಗ್ಲಿಷಿನಲ್ಲಿ ರಾಗಿಯ ಚರಿತ್ರೆಯನ್ನೇ ಶುರುಮಾಡಿದರು. ಅಧಿಕಾರಿ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡರು. ಮುಖ ಬದಲಾಯಿತು. "ಕೇಪ್ಪೈ," ಎಂದರು, ರಾಗಿಗೆ ಅವರ ಕಡೆಯ ಹೆಸರು. ತಮ್ಮ ಅವ್ವನೂ ಮಾಡುತ್ತಿದ್ದಳೆಂದು ತಮಿಳಿನಲ್ಲಿ ಹೇಳಿ, ಚೀಲವನ್ನು ತಾವೇ ಮತ್ತೆ ಕಟ್ಟಿಕೊಟ್ಟರು. ಅವರು ಹಾಕಿದ ಗಂಟು ನನ್ನದಕ್ಕಿಂತ ಬಿಗಿಯಾಗಿತ್ತು.

ಅಲ್ಲಿಂದ ಧನುಷ್ಕೋಟಿ. ನಾವು ಹೋದ ಆ ರೈಲುಹಳಿ ಈಗ ಇಲ್ಲ. ಮುಂದೆ ಬಂದ ಬಿರುಗಾಳಿಯಲ್ಲಿ ಹಳಿ, ಊರು, ಜನ ಎಲ್ಲವನ್ನೂ ಸಮುದ್ರ ತೆಗೆದುಕೊಂಡಿತು. ನಾವು ಹೋದಾಗ ಅಲ್ಲಿ ಟೀ ಕುಡಿದೆವು. ಬೆಂಚಿನ ಮೇಲಿನ ಮರಳನ್ನು ಅಂಗಡಿಯವನು ಟವೆಲಿನಿಂದ ಕೊಡವಿ ನನಗೆ ಜಾಗ ಮಾಡಿಕೊಟ್ಟಿದ್ದ. ಅವನು ಏನಾದನೋ.

ಸಮುದ್ರವನ್ನು ಮೊದಲು ಕಂಡಾಗ ಮೇಷ್ಟ್ರು ಏನಾದರೂ ದೊಡ್ಡ ಮಾತು ಹೇಳುತ್ತಾರೆಂದು ಕಾದೆ. ಬಹಳ ಹೊತ್ತು ನೋಡಿ, "ಆಚೆ ದಡಾನೇ ಕಾಣಲ್ವಲ್ಲೇ," ಎಂದರು. ಅಷ್ಟೇ.

ಗಾಲೆ

ಧನುಷ್ಕೋಟಿಯಿಂದ ಹಡಗಿನಲ್ಲಿ ತಲೈಮನ್ನಾರಿಗೆ, ಅಲ್ಲಿಂದ ರೈಲಿನಲ್ಲಿ ಕೊಲಂಬೊಗೆ. ಗಾಲೆಗೆ ಕೊಲಂಬೊದಿಂದ ಕಡಲ ಪಕ್ಕದಲ್ಲೇ ರೈಲು. ಕಿಟಕಿಯಿಂದ ಒಂದು ವಾಸನೆ ಬಂತು. ನಮ್ಮ ಕಡೆ ಕತ್ತಾಳೆ ಕೊಳೆ ಹಾಕಿದಾಗ ಬರುವಂಥದು, ಅದಕ್ಕಿಂತ ಸ್ವಲ್ಪ ಹುಳಿ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ, ಹೆಂಗಸರು ಮರದ ಕೊಡತಿಯಿಂದ ಬಡಿದು ನಾರು ತೆಗೆಯುತ್ತಾರೆ. ನಮಗೆ ತಲೆ ನೋಯಿಸುವ ಆ ವಾಸನೆಗೆ, ಸ್ಟೇಷನ್ನಿಗೆ ಬಂದಿದ್ದ ಓಬಳಪ್ಪ, "ಅದು ನನ್ನ ಸಂಬಳದ ವಾಸ್ನೆ, ವದಿನಮ್ಮ," ಎಂದ. ಪಾವಗಡದವರ ಬಾಯಲ್ಲಿ ಅತ್ತಿಗೆ ಅಂದರೆ ವದಿನ. ನನ್ನ ಗಂಡನನ್ನು ಮಾತ್ರ ಲೇ ಶಿವ ಎಂದೇ ಕರೆಯುತ್ತಿದ್ದ.

ಮೊದಲ ಸಂಜೆಯೇ ಕಡಲದಂಡೆಗೆ ಕರೆದುಕೊಂಡು ಹೋಗಿ ಸೋಮದಾಸನನ್ನು ಪರಿಚಯ ಮಾಡಿಸಿದ. ಐವತ್ತರ ಹತ್ತಿರದ ಬೆಸ್ತ, ತಲೆಗೂದಲನ್ನು ಗಂಟು ಕಟ್ಟಿದ್ದ. ಅವನೂ ಅವನ ತಮ್ಮನೂ ಒಂದು ದೋಣಿಯನ್ನು ಹೊಲಿಯುತ್ತಿದ್ದರು. ನಾನು ಸರಿಯಾಗಿಯೇ ಬರೆದಿದ್ದೇನೆ, ಹೊಲಿಯುತ್ತಿದ್ದರು. ತಳ ಎಂದರೆ ಒಂದೇ ಮರ, ನಮ್ಮ ದನಕ್ಕೆ ಕಲಗಚ್ಚು ಇಡುವ ಬಾನಿಯ ಹಾಗೆ ತೋಡಿದ್ದು. ಅದರ ಎರಡು ಅಂಚಿಗೂ ಹಲಗೆ ನಿಲ್ಲಿಸಿ, ತೂತು ಕೊರೆದು, ನಾರಿನ ಹಗ್ಗದಿಂದ ಹೊಲಿಗೆ. ಒಂದು ಪಕ್ಕಕ್ಕೆ ಮಾತ್ರ, ಬಾಗಿದ ಎರಡು ಕೋಲು ಚಾಚಿ, ಅದರ ತುದಿಗೆ ಒಂದು ಮರದ ದಿಮ್ಮಿ. ಅದು ನೀರಿನ ಮೇಲೆ ತೇಲಿಕೊಂಡು ದೋಣಿಯನ್ನು ಮಗುಚದ ಹಾಗೆ ಹಿಡಿಯುತ್ತದೆ. ಒಂದು ಮೊಳೆಯೂ ಇಲ್ಲ.

ಮೇಷ್ಟ್ರು ಮರಳಲ್ಲಿ ಮಂಡಿಯೂರಿದರು. "ನೋಡೇ. ಕಬ್ಬಿಣ ಬರೋಕ್ಕೆ ಮುಂಚೆ ಈ ಸಮುದ್ರದ ಹಡಗುಗಳೆಲ್ಲ ಹೆಚ್ಚೂಕಮ್ಮಿ ಇಂಗೇ ಇದ್ವು. ಬಂಡೆ ತಾಗಿದ್ರೆ ಮೊಳೆ ಹಲಗೇನ ಬುಡಲ್ಲ, ಹಲಗೆ ಸೀಳೋಗತ್ತೆ. ಹೊಲಿಗೆ ಆದ್ರೆ ಸಡಿಲ ಆಗತ್ತೆ."

"ಇಷ್ಟಕ್ಕೆ ಸಿರಾದಿಂದ ಬಂದ್ಯೇನ್ಲಾ," ಎಂದ ಓಬಳಪ್ಪ. "ನಮ್ಮ ಪಾವಗಡದ ಮಂಡೀಲಿ ಕಡ್ಲೆಕಾಯಿ ಚೀಲಾನ ದಬ್ಬಳದಾಗೆ ಹೊಲೀತಾರೆ. ಅದ್ನೇ ನೋಡ್ಬೌದಿತ್ತು."

ಹಿಂದೆ ಇದೇ ರೀತಿ ಹೊಲಿದ ದೊಡ್ಡ ಹಾಯಿಹಡಗುಗಳೂ ಈ ಕಡೆ ಇದ್ದವಂತೆ. ಅವನ್ನು ಯಾತ್ರಾ ಎಂದು ಕರೆಯುತ್ತಿದ್ದರು. ಸೋಮದಾಸನ ಅಪ್ಪ ಅಂಥದರಲ್ಲಿ ದೂರದ ದ್ವೀಪಗಳಿಗೆ ಹೋಗಿಬಂದಿದ್ದ. ಈಗ ಒಂದೂ ಉಳಿದಿಲ್ಲ. ಏನಾದವು ಎಂದು ಮೇಷ್ಟ್ರು ಓಬಳಪ್ಪನಿಂದ ಕೇಳಿಸಿದರು. ಸೋಮದಾಸ ತನ್ನ ಮನೆಯ ಬಾಗಿಲಿನ ಚೌಕಟ್ಟು ತೋರಿಸಿದ. ಅದರ ಉದ್ದಕ್ಕೂ ಹೊಲಿಗೆಯ ತೂತುಗಳಿದ್ದವು.

ಕೋಟೆಯ ಒಂದು ಹಿತ್ತಲು

ಗಾಲೆಯ ಹಳೇ ಊರು ಕೋಟೆಯೊಳಗಿದೆ. ಡಚ್ಚರು ಕಟ್ಟಿದ ಗೋಡೆ, ಅದರ ಮೇಲೆ ಸಂಜೆ ಹೊತ್ತು ಗಾಳಿ ಕುಡಿಯುವ ಸಂಸಾರಗಳು. ಮಧುಗಿರಿ ಬೆಟ್ಟದ ಕೋಟೆ ಹತ್ತಲು ಎದೆಗಾರಿಕೆ ಬೇಕು, ಈ ಕೋಟೆಯ ಮೇಲೆ ಎಮ್ಮೆಯೂ ಹತ್ತಬಹುದು. ಒಂದು ಎಮ್ಮೆ ಇತ್ತು ಕೂಡ.

ಅಲ್ಲೊಬ್ಬ ವಯಸ್ಸಾದ ಸಾಹೇಬರ ಹಿತ್ತಲಲ್ಲಿ ಸಮುದ್ರದಿಂದ ಎತ್ತಿದ ಹಲಗೆಗಳಿವೆಯೆಂದು ಓಬಳಪ್ಪ ಕರೆದೊಯ್ದ. ಸಿರಾದವರಾದ ನಮಗೆ ಸಾಬರೆಂದರೆ ಉರ್ದು. ಮೇಷ್ಟ್ರು ಖಾಜಾ ಸಾಬರ ಹತ್ತಿರ ಕಲಿತಿದ್ದ ಉರ್ದುವಿನಲ್ಲೆಲ್ಲ ಒಳ್ಳೆಯದನ್ನು ತೆಗೆದು ಕುಶಲ ಕೇಳಿದರು. ಸಾಹೇಬರು ತಲೆ ಓರೆಮಾಡಿ ಪೂರ್ತಿ ಕೇಳಿಸಿಕೊಂಡು, ಓಬಳಪ್ಪನ ಕಡೆ ತಿರುಗಿ, ಇವರಿಗೆ ತಮಿಳು ಬರುವುದಿಲ್ಲವೇ ಎಂದು ತಮಿಳಿನಲ್ಲಿ ಕೇಳಿದರು. ಅಲ್ಲಿಯ ಸಾಬರ ಮನೆಮಾತು ತಮಿಳು. ನಮ್ಮ ಪೆಚ್ಚುಮುಖ ನೋಡಿ ಒಳಗಿಂದ ಕೆಂಪು ಎಳನೀರು ತರಿಸಿದರು.

ಹಲಗೆಗಳು ಇದ್ದಿಲಿನಂತೆ ಕಪ್ಪು. ಸಾಹೇಬರ ಮನೆಯವರು ಅದರ ಮೇಲೆ ಒಣಮೀನು ಹರವುತ್ತಿದ್ದರು. ಮೇಷ್ಟ್ರು ಒಂದರ ಮೇಲೆ ನನ್ನ ಬೆರಳನ್ನೇ ಹಿಡಿದು ಓಡಿಸಿದರು. ಚೌಕದ ತೂತುಗಳು ಕಬ್ಬಿಣದ ಮೊಳೆಯವು. ದುಂಡಗಿನವುಗಳಲ್ಲಿ ಮರದ ಗೂಟ ಇನ್ನೂ ಕೂತಿತ್ತು. ಈ ದಪ್ಪ ಹಲಗೆಯ ಹೊರಮೈಗೆ ಇನ್ನೊಂದು ತೆಳ್ಳನೆಯ ಹಲಗೆ. ಅದರ ತುಂಬ, ಒಂದಕ್ಕೊಂದು ತಾಗುವ ಹಾಗೆ, ಮೊಳೆಯ ತಲೆಗಳು. ಈ ಬೆಚ್ಚಗಿನ ನೀರಿನಲ್ಲಿ ಮರ ಕೊರೆಯುವ ಹುಳು ಇದೆ. ಅದು ಒಳಗಿನ ಹಲಗೆಗೆ ಬರದಿರಲಿ ಎಂದು ಹೊರಗೆ ತಿನ್ನಲೊಂದು ಹಲಗೆ, ಅದಕ್ಕೂ ಮೊಳೆಯ ಕವಚ. ಇನ್ನೊಂದು ಚೂರಿನ ಮೇಲೆ ಹಸಿರು ಕಿಲುಬು. ಅದು ಆಮೇಲಿನ ಕಾಲದ್ದು, ಅಷ್ಟು ಹೊತ್ತಿಗೆ ತಾಮ್ರದ ತಗಡು ಹೊದಿಸುವುದನ್ನು ಕಲಿತಿದ್ದರು ಎಂದರು.

"ಕಟ್ಟಿದವರು ಯಾವುದಕ್ಕೆ ಹೆದರ್ತಿದ್ರು ಅಂತ ಇದ್ರಲ್ಲಿ ಬರ್ದಂಗದೆ," ಎಂದರು ಮೇಷ್ಟ್ರು. "ಸೋಮದಾಸನೋರು ಬಂಡೆಗೆ ಹೆದರಿದ್ರು, ಹೊಲ್ದ್ರು. ಇವ್ರು ಹುಳಕ್ಕೆ ಹೆದರಿದ್ರು. ಇದೆಲ್ಲ ನಮಗೆ ಗೊತ್ತಾಗಿದ್ದೇ ಇವು ಮುಳುಗಿದ್ದಕ್ಕೆ ಕಣೇ. ಮುಳುಗದೇ ಇದ್ದ ಹಡಗು ಹಳೇದಾದ ಮೇಲೆ ಬಾಗಿಲೋ ಸೌದೆಯೋ ಆಗೋಗತ್ತೆ. ಮುಳುಗಿದ್ದೇ ಕಟ್ಟಿದಂಗೆ ಉಳ್ಕೊಳ್ಳೋದು."

"ಮುಳುಗೋ ಮಾತು ಸಾಕು ಬುಡಿ," ಎಂದೆ. ಮರುದಿನ ಸೋಮದಾಸನ ದೋಣಿಯಲ್ಲಿ ಆ ಕಬ್ಬಿಣದ ಹಡಗು ನೋಡಲು ಹೋಗುವವರಿದ್ದೆವು.

ಹಿತ್ತಲಲ್ಲೇ ಬಾವಿ ಇತ್ತು. ನನಗೆ ಅದನ್ನು ಬಾವಿ ಎನ್ನಲು ಮನಸ್ಸು ಬರಲಿಲ್ಲ. ಬಗ್ಗಿದರೆ ನೀರು ಕೈಗೆ ಸಿಗುತ್ತದೆ. ಆ ಊರಿನವರು ಅದರ ಪಕ್ಕ ನಿಂತು ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಾರೆ, ದಿನಕ್ಕೆ ಎರಡು ಸಲ, ಯಾವ ಅವಸರವೂ ಇಲ್ಲದೆ. ಮೇಷ್ಟ್ರಿಗೆ ಗೌಡಗೆರೆಯ ತೋಟದ ಬಾವಿ ನೆನಪಾಯಿತು. ನಮ್ಮ ಕಡೆಯ ಮಕ್ಕಳು ಈಜು ಕಲಿಯುವುದು ಅಂಥ ಬಾವಿಗಳಲ್ಲೇ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಮೇಲಿನಿಂದ ನೂಕುತ್ತಾರೆ. ಮೊದಲು ಹೇಳಿಕೊಡುವ ಪಾಠ, ಉಸಿರು ಕಟ್ಟಿದರೆ ಗೋಡೆಗೆ ಬಾ, ಕಲ್ಲು ಹಿಡಿ. ಸುತ್ತಲೂ ಗೋಡೆಯೇ. ಯಾವ ಕಡೆ ತಿರುಗಿದರೂ ನಾಲ್ಕು ಕೈ ಬೀಸಿದರೆ ಕಲ್ಲು. ನನಗೂ ಅಣ್ಣ ಹಾಗೆಯೇ ಕಲಿಸಿದ್ದ, ಲಂಗ ಉದ್ದವಾಗುವವರೆಗೆ. ಓಬಳಪ್ಪನಿಗೆ ಈಜು ಬರದು. ಮೇಷ್ಟ್ರು ಅವನ ಮುಂದೆ, ನಾನು ರಾಟೆಯ ತೊಲೆಯಿಂದ ಹಾರಿ ತಳದ ಮಣ್ಣು ತರುತ್ತಿದ್ದೆ ಎಂದು ಕೊಚ್ಚಿಕೊಂಡರು. ಅದು ಸುಳ್ಳೂ ಅಲ್ಲ.

ಬಂಡೆಗಳ ಹತ್ತಿರ

ಮರುದಿನ ಓಬಳಪ್ಪ ಆಫೀಸಿಗೆ ಹೋದ. ಸೋಮದಾಸ, ಅವನ ತಮ್ಮ, ನಾವಿಬ್ಬರು ಹೊರಟೆವು. ದಡದಲ್ಲಿ ಕೂತು ದಾರಿ ನೋಡುವುದು ನನ್ನಿಂದಾಗದು ಎಂದು ನಾನೂ ಹತ್ತಿದ್ದೆ. ಸಮುದ್ರ ತುಂಬಿದ ಕಳ್ಳಂಬೆಳ್ಳ ಕೆರೆಯ ಹಾಗೆ ಸುಮ್ಮನಿತ್ತು. ಗಾಳಿಯೂ ಇರಲಿಲ್ಲ.

ಕಬ್ಬಿಣದ ಹಡಗು ಅರ್ಧ ಮಾತ್ರ ಉಳಿದಿದೆ. ಬಂಡೆಸಾಲಿಗೆ ಒರಗಿ ನಿಂತ ಒಂದು ಪಕ್ಕೆ, ಕೆಂಪಗೆ, ಎರಡು ಆಳೆತ್ತರ. ಅದರ ಬುಡದಲ್ಲಿ ಜಗುಲಿಯಂಥ ಚಪ್ಪಟೆ ಕಲ್ಲು. ಮೇಷ್ಟ್ರಿಗೆ ಬೇಕಾಗಿದ್ದುದು ಒಂದೇ. ಕಬ್ಬಿಣದ ಹಡಗನ್ನು ಮೊದಮೊದಲು ಕಟ್ಟಿದವರಿಗೆ ಕಬ್ಬಿಣದ ದಾರಿ ತಿಳಿಯದೆ, ಮರದ ಹಡಗಿನಂತೆಯೇ ಪಕ್ಕೆಲುಬು ನಿಲ್ಲಿಸಿ, ಹಲಗೆಯ ಬದಲು ತಗಡು ಹೊಡೆದರೆಂದು ಅವರು ಓದಿದ್ದರು. ಅದನ್ನು ಕಣ್ಣಲ್ಲಿ ನೋಡಬೇಕು, ಕೈಯಲ್ಲಿ ಮುಟ್ಟಬೇಕು. ಕಲ್ಲಿನ ಮೇಲೆ ಇಳಿಯಬಹುದೇ ಎಂದು ಸನ್ನೆಯಲ್ಲಿ ಕೇಳಿದರು. ಸೋಮದಾಸ ಬಹಳ ಹೊತ್ತು ಕಡಲಿನ ಕಡೆ ನೋಡಿ, ಆಗಬಹುದೆಂದು ತಲೆಯಾಡಿಸಿದ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ನಾನೂ ಅದೇ ಕಡಲನ್ನು ನೋಡಿದ್ದೆ.

ಮೇಷ್ಟ್ರು ಪಂಚೆ ಮೇಲೆ ಕಟ್ಟಿ ಕಲ್ಲಿಗೆ ಇಳಿದರು. ತಗಡಿನ ಅಂಚು ಮುಟ್ಟಿ ನನ್ನ ಕಡೆ ತಿರುಗಿ ಕೂಗಿದರು. "ಒಂದ್ರ ಮೇಲೊಂದು ಹತ್ತಿಸವ್ರೆ ಕಣೇ. ಹೆಂಚು ಹೊದಿಸಿದಂಗೆ. ಒಳಗೆ ಪಕ್ಕೆಲುಬೂ ಅವೆ."

ಆಗ ಸೋಮದಾಸ ಎದ್ದು ನಿಂತ. ದೂರದಲ್ಲಿ ನೀರಿನ ಮೇಲೆ ಗೆರೆಗಳು ಕಂಡವು, ಹೊಲದ ಬದುವಿನ ಹಾಗೆ, ಒಂದರ ಹಿಂದೆ ಒಂದು. ಗಾಳಿ ಇಲ್ಲದೆಯೂ ಅಲೆ ಬರುತ್ತದೆಂದು ನಮಗೆ ಗೊತ್ತಿರಲಿಲ್ಲ. ಎಲ್ಲೋ ದೂರದ ಕಡಲಲ್ಲಿ ಎದ್ದದ್ದು ಹಾಗೆ ಬರುತ್ತದಂತೆ. ಮೊದಲನೆಯದು ನಮ್ಮ ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸಿತು, ಅಷ್ಟೇ. ಎರಡನೆಯದು ಕಲ್ಲಿನ ಮೇಲೆ ಹತ್ತಿತು. ಇಳಿದಾಗ ಕಲ್ಲಿನ ಮೇಲೆ ಯಾರೂ ಇರಲಿಲ್ಲ.

ತಲೆ ಕಾಣಿಸಿತು. ಕೈ ಬೀಸುತ್ತಿದ್ದರು. ಈಜು ಬರುತ್ತದೆ, ಬರುತ್ತಾರೆ ಎಂದುಕೊಂಡೆ. ನನ್ನ ಎದೆ ಹಗುರಾಯಿತು ಕೂಡ. ಈಗಲೂ ಆ ಒಂದು ಕ್ಷಣದ ಹಗುರವೇ ನನ್ನನ್ನು ಹೆಚ್ಚು ಕಾಡುವುದು. ಏಕೆಂದರೆ ಅವರು ನಮ್ಮ ಕಡೆ ಬರಲಿಲ್ಲ. ತಿರುಗಿ ಹಡಗಿನ ಗೋಡೆಯ ಕಡೆಗೆ ಹೊರಟರು.

ಸೋಮದಾಸನೂ ತಮ್ಮನೂ ಒಟ್ಟಿಗೆ ಕೂಗಿದರು. ತೋಳೆತ್ತಿ ಬಯಲು ಕಡಲನ್ನು ತೋರಿಸುತ್ತಿದ್ದರು. ಆಚೆ ಹೋಗು, ಆಳಕ್ಕೆ ಹೋಗು. ಆಳದಲ್ಲಿ ಅಲೆ ಎತ್ತಿ ಇಳಿಸುತ್ತದೆ, ಗೋಡೆಯ ಹತ್ತಿರ ಬಡಿಯುತ್ತದೆ. ಕಡಲಲ್ಲಿ ಹುಟ್ಟಿದವರಿಗೆ ಅದು ಹೇಳಿಕೊಡದೆ ಬರುವ ತಿಳಿವಳಿಕೆ. ಗೌಡಗೆರೆಯವರಿಗೆ ಗೋಡೆ ಎಂದರೆ ಪ್ರಾಣ. ಉಸಿರು ಕಟ್ಟಿತು, ಗೋಡೆ ಕಂಡಿತು, ಕೈ ತಾನಾಗಿ ಆ ಕಡೆ ಹೋಯಿತು. ಅವರು ತಗಡಿನ ಅಂಚು ಹಿಡಿದರು. ನೀರು ಇಳಿದಾಗ ಅವರ ಮೈ ಚಿಪ್ಪು ಕಚ್ಚಿದ ಕಬ್ಬಿಣದ ಮೇಲೆ ಉಜ್ಜುತ್ತ ಜಾರಿತು, ಏರಿದಾಗ ಎತ್ತಿ ಬಡಿಯಿತು. ಬಡಿದಷ್ಟೂ ಬಿಗಿಯಾಗಿ ಹಿಡಿದರು.

ದೋಣಿ ಹತ್ತಿರ ಹೋಗುವಂತಿರಲಿಲ್ಲ. ಆದರೂ ಸೋಮದಾಸ ಒಯ್ದ. ನಮ್ಮ ಪಕ್ಕಕ್ಕೆ ಬಂಡೆ ತಾಗಿತು. ಹಲಗೆ ನನ್ನ ಮೊಣಕಾಲಿನ ಹತ್ತಿರ ಒಳಕ್ಕೆ ಬಾಗಿ, ಹೊಲಿಗೆ ಬಿಚ್ಚಿಕೊಂಡು, ನೀರು ನುಗ್ಗಿತು. ಅವನು ನನ್ನ ಕೈಗೆ ಒಂದು ತೆಂಗಿನ ಕರಟ ಕೊಟ್ಟ. ನಾನು ನೀರು ಗೋರುತ್ತ ಕೂಗುತ್ತಿದ್ದೆ. ಮೊದಲು ರೀ, ರೀ ಎಂದು ಮಾತ್ರ. ಆ ಸದ್ದಿನಲ್ಲಿ ರೀ ಎನ್ನುವುದು ಎಲ್ಲಿ ಕೇಳಬೇಕು. ಆಮೇಲೆ ನನ್ನ ಬಾಯಲ್ಲಿ ಬಂದದ್ದು ಶಾಲೆಯಲ್ಲಿ ಪಾಠ ಹೇಳುವ ಮಾತಲ್ಲ, ಕಳ್ಳಂಬೆಳ್ಳದ ಮಾತು.

"ಮೇಷ್ಟ್ರೇ, ಅದು ಬಾವಿ ಅಲ್ಲ. ಗೋಡೆ ಬುಡಿ. ಗೋಡೆ ಬುಟ್ಟು ಆಚೆ ಹೋಗಿ."

ಎಷ್ಟು ಸಲ ಕೂಗಿದೆನೋ. ಮೂರನೆಯ ಅಲೆಯೋ, ಐದನೆಯದೋ, ನೆನಪಿನಲ್ಲಿ ಪ್ರತಿ ಸಲವೂ ಬೇರೆಯಾಗುತ್ತದೆ. ಕೆಲವು ರಾತ್ರಿ ನಾನು ಬೇಗ ಕೂಗುತ್ತೇನೆ. ಕೆಲವು ರಾತ್ರಿ ಕೂಗುವುದೇ ಇಲ್ಲ. ನಿಜವಾಗಿ ನಡೆದದ್ದು ಇಷ್ಟು. ಒಂದು ಅಲೆ ಇಳಿಯುವಾಗ ಅವರ ಕೈ ಬಿಟ್ಟಿತು. ಹಿಂದೆ ಸರಿಯುವ ನೀರು ಅವರನ್ನು ಹುಲ್ಲಿನ ಕಂತೆಯಂತೆ ಎಳೆದು ಬಯಲಿಗೆ ತಂದಿತು. ಸೋಮದಾಸನ ತಮ್ಮ ಹಗ್ಗ ಎಸೆದ. ಅವರ ಅಂಗೈಯಲ್ಲಿ ಹಿಡಿಯಲು ಶಕ್ತಿ ಇರಲಿಲ್ಲ, ಮೊಳಕೈಗೆ ಸುತ್ತಿಕೊಂಡರು. ಒಳಗೆ ಎತ್ತಿಕೊಳ್ಳಲು ಆಗದೆ, ಪಕ್ಕಕ್ಕೆ ಚಾಚಿದ ಕೋಲುಗಳ ಮೇಲೆಯೇ ಮಲಗಿಸಿ, ಆ ತಮ್ಮನೇ ಅವರ ಮೇಲೆ ಒರಗಿ ಹಿಡಿದುಕೊಂಡ. ಆ ಇಬ್ಬರ ಭಾರಕ್ಕೆ ದೋಣಿ ಆ ಕಡೆ ವಾಲಿತು. ಈ ಕಡೆಯ ಬಿಚ್ಚಿದ ಹೊಲಿಗೆ ನೀರಿನಿಂದ ಮೇಲೆ ಬಂತು. ಹಾಗೆಯೇ ದಡ ಸೇರಿದೆವು. ದಡದಲ್ಲಿ ನನ್ನ ಕೈಯಿಂದ ಕರಟ ಬಿಡಿಸಿಕೊಳ್ಳಲು ಒಬ್ಬ ಹೆಂಗಸು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಆಸ್ಪತ್ರೆ

ಎರಡು ಅಂಗೈಗೂ ಹೊಲಿಗೆ ಹಾಕಿದರು. ಭುಜದ ಕೀಲು ತಪ್ಪಿತ್ತು, ಕೂಡಿಸಿ ಕಟ್ಟಿದರು. ಓಬಳಪ್ಪ ಓಡಿ ಬಂದವನು ಬಾಗಿಲಲ್ಲೇ ನಿಂತ. "ನಾನ್ಯಾಕ್ಲಾ ನಿನಗೆ ಆ ಹಡಗಿನ ಸುದ್ದಿ ಹೇಳ್ದೆ," ಎಂದು ಮುಖ ಮುಚ್ಚಿಕೊಂಡ.

"ಹೇಳ್ದೇ ಇದ್ರೆ ನಿಂಗೆ ರಾಗಿಹಿಟ್ಟು ಎಲ್ಲಿ ಬರ್ತಿತ್ಲಾ," ಎಂದರು ಮೇಷ್ಟ್ರು. ಸ್ವರ ಇರಲಿಲ್ಲ, ಗಾಳಿ ಮಾತ್ರ.

ಓಬಳಪ್ಪನ ಮನೆಯಿಂದ ಮುದ್ದೆ ಮಾಡಿಕೊಂಡು ಬಂದು ನಾನೇ ಮುರಿದು ಬಾಯಿಗಿಡುತ್ತಿದ್ದೆ. ಅಲ್ಲಿಯ ನರ್ಸಮ್ಮ ಅದನ್ನು ನೋಡಿ ಗಾಬರಿಯಾದಳು. ಈ ರೋಗಿ ಅಗಿಯುತ್ತಲೇ ಇಲ್ಲ. ಗಂಟಲು ತೋರಿಸಿ, ಅಗಿಯಬೇಕೆಂದು ದವಡೆ ಆಡಿಸಿ ತೋರಿಸಿದಳು. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಎಂಬುದನ್ನು ಸನ್ನೆಯಲ್ಲಿ ಹೇಳುವುದು ಹೇಗೆ. ಪಕ್ಕದ ಮಂಚದ ಅಜ್ಜ ತಾನೂ ಒಂದು ತುತ್ತು ಕೇಳಿ ಇಸಿದುಕೊಂಡು, ಅಗಿದು, ಹಲ್ಲಿಗೆಲ್ಲ ಅಂಟಿಸಿಕೊಂಡು, ನಮ್ಮನ್ನು ಬಹಳ ಕನಿಕರದಿಂದ ನೋಡಿದರು.

ಮೇಷ್ಟ್ರು ಎಲ್ಲದರ ಬಗ್ಗೆ ಮಾತಾಡಿದರು. ಆ ಬೆಳಗಿನ ಬಗ್ಗೆ ಮಾತ್ರ ಇಲ್ಲ. ನಾನು ಕೂಗಿದ್ದು ಅವರಿಗೆ ಕೇಳಿತೇ, ಇಲ್ಲ ಕೈ ಸೋತು ಬಿಟ್ಟಿತೇ. ಕೇಳಲು ಬಾಯಿ ಬರಲಿಲ್ಲ. ಕೇಳಿಸಲಿಲ್ಲ ಎಂದುಬಿಟ್ಟರೆ, ಅವರನ್ನು ಉಳಿಸಿದ್ದು ಬರೀ ಆ ಅಲೆ. ಅದು ಇನ್ನೊಂದು ದಿನ ಹಾಗೆ ಮಾಡಬೇಕಾಗಿಲ್ಲ.

ಅವರು ಮಲಗಿದ್ದ ಒಂದು ಮಧ್ಯಾಹ್ನ ದಡಕ್ಕೆ ಹೋದೆ. ಸೋಮದಾಸ ದೋಣಿಯನ್ನು ಮತ್ತೆ ಹೊಲಿಯುತ್ತಿದ್ದ. ಹಲಗೆಗೆ ಏನೂ ಆಗಿರಲಿಲ್ಲ. ಕಿತ್ತ ಹಗ್ಗ ತೆಗೆದುಹಾಕಿ ಅದೇ ತೂತುಗಳಿಗೆ ಹೊಸದು ಪೋಣಿಸುತ್ತಿದ್ದ. ಆ ಕೆಲಸಕ್ಕೆ ಇಬ್ಬರು ಬೇಕು, ಹೊರಗಿಂದ ಕೊಡುವವರೊಬ್ಬರು, ಒಳಗಿಂದ ಎಳೆದು ಹಿಡಿಯುವವರೊಬ್ಬರು. ಅವನ ತಮ್ಮ ಇನ್ನೊಬ್ಬರ ದೋಣಿಯಲ್ಲಿ ಮೀನಿಗೆ ಹೋಗಿದ್ದ. ನಾನು ಸೆರಗು ಸಿಕ್ಕಿಸಿ ಒಳಗೆ ಕೂತೆ. ಅವನು ಹಗ್ಗ ನೂಕಿದ, ನಾನು ಎಳೆದೆ. ಸಾಲದು ಎಂದು ಹಲಗೆ ತಟ್ಟಿದ. ಕಾಲು ಕೊಟ್ಟು ಎಳೆದೆ. ಸಂಜೆಯ ಹೊತ್ತಿಗೆ ಹೊಲಿಗೆ ಮುಗಿಯಿತು.

ಹೊರಡುವ ದಿನ ಓಬಳಪ್ಪ ಹೇಳಿದ. "ವದಿನಮ್ಮ, ಸೋಮದಾಸ ಒಂದು ವಿಷ್ಯ ಕೇಳ್ತಾವ್ನೆ. ಅವತ್ತು ನೀವು ಹೇಳಿದ್ದು ಯಾವ ಮಂತ್ರ ಅಂತ. ಅವನೂ ಕಲೀಬೇಕಂತೆ."

"ನೀನೇನಂದೆ?"

"ಅದು ಹೆಂಡ್ತೀರಿಗೆ ಮಾತ್ರ ಬರೋ ಮಂತ್ರ ಅಂದೆ."

ತಲೈಮನ್ನಾರ್

ವಾಪಸು ಬರುವಾಗ, ತಲೈಮನ್ನಾರಿನಿಂದ ಧನುಷ್ಕೋಟಿಗೆ ಬರುವ ಹಡಗಿನಲ್ಲಿ, ಮೇಲ್ಗಡೆಗೆ ಹೋಗಲಿಲ್ಲ. ಒಳಗಿನ ಬೆಂಚಿನಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತೆವು. ಮೇಷ್ಟ್ರು ಬಟ್ಟೆ ಸುತ್ತಿದ ಎರಡು ಕೈಗಳನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದರು. ಎದುರಿಗೆ ಒಂದು ಸಂಸಾರ ಪೂರಿ ತಿನ್ನುತ್ತಿತ್ತು. ಹಡಗು ಒಮ್ಮೆ ಮೆಲ್ಲಗೆ ಎದ್ದು ಇಳಿಯಿತು. ನಾನು ಬೆಂಚಿನ ಅಂಚು ಹಿಡಿದೆ. ಅವರು ಅದನ್ನು ನೋಡಿದರು.

"ಅವತ್ತು ಕೇಳಿಸ್ತು ಕಣೇ," ಎಂದರು.

ನಾನು ಅವರ ಕಡೆ ತಿರುಗಿದೆ.

"ಬಾವಿ ಅಲ್ಲ ಅಂದ್ಯಲ್ಲ. ಅದು ಕೇಳಿಸ್ತು. ಅದಕ್ಕೆ ಮುಂಚೆ ಏನೂ ಕೇಳಿರ್ನಿಲ್ಲ, ಬರೀ ಗುಡುಗು. ನಾನು ಇಲ್ಲಿ ಸಾಯ್ತಾ ಇದೀನಿ, ಇವಳು ಕ್ಲಾಸ್ನಾಗೆ ಹುಡುಗೀರ ತಪ್ಪು ತಿದ್ದಂಗೆ ತಿದ್ತಾವ್ಳಲ್ಲ ಅನ್ನಿಸ್ತು. ನಗು ಬಂದ್ಬುಡ್ತು."

"ನಗು ಬಂತಾ ನಿಮಗೆ?"

"ಬಂತು. ನಗೋಕೆ ಬಾಯಿ ತೆಗ್ದೆ, ಉಪ್ಪುನೀರು ತುಂಬ್ಕೊಂತು. ಕೆಮ್ಮು ಬಂತು. ಕೆಮ್ಮೋಕೆ ಹೋಗಿ ಕೈ ಬುಟ್ಟೆ."

ದೋಣಿಯಿಂದ ನನಗೆ ಕಂಡಿದ್ದು ಅವರ ತಲೆಯ ಹಿಂಭಾಗ, ಕಬ್ಬಿಣ ಹಿಡಿದ ಎರಡು ಕೈ, ಅಷ್ಟೇ. ಆ ತಲೆಯ ಮುಂದಿನ ಕಡೆ ನಗು ಇತ್ತೆಂದು ನನಗೆ ಹೇಗೆ ಗೊತ್ತಾಗಬೇಕು. ಸಿಟ್ಟು ಮಾಡಬೇಕೆಂದುಕೊಂಡೆ. ಕೈ ಹಿಡಿದುಕೊಳ್ಳೋಣವೆಂದರೆ ಹಿಡಿಯಲು ಕೈ ಇರಲಿಲ್ಲ, ಬರೀ ಬಟ್ಟೆ. ಮೊಳಕೈ ಹಿಡಿದುಕೊಂಡೆ. ಎದುರಿನ ಹೆಂಗಸು ಪೂರಿ ತಿನ್ನುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ನೋಡಲಿ ಎಂದು ಬಿಡಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದೆ.

ಹೇಳಿದರು. ಮುಗಿದ ಮೇಲೆ ಮತ್ತೆ ಕೇಳಿದೆ. ಧನುಷ್ಕೋಟಿ ಕಾಣುವವರೆಗೂ ಅವರು ಅದನ್ನೇ ಹೇಳಿದರು. ನಗು ಬಂತು ಎನ್ನುವ ಕಡೆಗೆ ಬಂದಾಗ, ಪ್ರತಿ ಸಲವೂ, ಸ್ವಲ್ಪ ನಕ್ಕರು.